ಪರಿಚಯವೇ ಇಲ್ಲದ ಎದುರುಮನೆಯವರು

ಗೆಳೆಯರೇ, ಇವತ್ತು ಬೆಳಿಗ್ಗೆ ಎದುರುಮನೆಯ ಸುಬ್ಬರಾವ್ ಗಾರು ಭವಾನಿಪುರಂನ ನಮ್ಮ ಮನೆಗೆ ಬಂದು, ಮಾವನವರ ಮುಖಕ್ಕೇ "ನಿಮಗೂ ನನಗೂ ಪರಿಚಯವೇ ಇಲ್ಲ ಅಂಡಿ" ಎಂದು ತೆಲುಗಿನ ಮರ್ಯಾದೆ ಸೇರಿಸಿಯೇ ಹೇಳಿದರು.

ಮಾವ ನಿವೃತ್ತ ನ್ಯಾಯಾಧೀಶರು. ಬಾಕಿ ಕೇಸುಗಳು ಹೆಚ್ಚಾಗಿವೆಯೆಂದು ಅವರನ್ನು ವಾರಕ್ಕೆ ಮೂರು ದಿನ ಮತ್ತೆ ಕೋರ್ಟಿಗೆ ಕರೆದಿದ್ದಾರೆ. ಇಪ್ಪತ್ತು ವರ್ಷಗಳಿಂದ ಎಳೆಯುತ್ತಿರುವ ಸುಬ್ಬರಾವ್ ಗಾರು ಅವರ ಜಮೀನಿನ ಕೇಸು ಇಂದು ಮಾವನ ಮುಂದೆಯೇ ಬರುವುದಿತ್ತು. ಸ್ನೇಹಿತನ ಕೇಸು ತಾನು ಕೇಳುವಂತಿಲ್ಲ, ಬೇರೆಯವರಿಗೆ ಕಳಿಸುತ್ತೇನೆ ಎಂದು ಮಾವ ನಿನ್ನೆಯೇ ಹೇಳಿದ್ದರು. ಬೇರೆಯವರಿಗೆ ಹೋದರೆ ಮತ್ತೆ ಮೊದಲಿನಿಂದ ವಾದ; ಅದಕ್ಕೇ ಈ ನಾಟಕ. ಮಾವ ಒಪ್ಪಲಿಲ್ಲ.

"ಸರಿ, ಜಗಳವಾಡೋಣ. ಚೆಸ್ಸಿನಲ್ಲಿ ನೀವು ಮಾಡೋದೆಲ್ಲ ಮೋಸ!" ಎಂದರು ಸುಬ್ಬರಾವ್ ಗಾರು.

"ಶತ್ರುವಿನ ಕೇಸೂ ಕೇಳೋ ಹಾಗಿಲ್ಲ, ರಾವ್ ಗಾರು."

"ಹಾಗಾದ್ರೆ ನಾನು ಯಾರು ಅಂತ ಮರೆತುಬಿಡಿ. ವಯಸ್ಸಾಗಿದೆ, ಜನ ನಂಬ್ತಾರೆ."

"ಮರೆವು ಇದ್ದಿದ್ರೆ ನನ್ನನ್ನ ಮತ್ತೆ ಕೋರ್ಟಿಗೆ ಕರೀತಿರಲಿಲ್ಲ," ಎಂದರು ಮಾವ.

ಆಗ ಪರಿಚಯವಿಲ್ಲದ ಆ ಮನುಷ್ಯ ನನ್ನತ್ತ ತಿರುಗಿ, "ಕಾಫಿಗೆ ಸಕ್ಕರೆ ಬೇಡಮ್ಮಾ, ನಿನಗೆ ಗೊತ್ತಲ್ಲ" ಎಂದರು.

ಸಂಜೆ ಮಾವ ಬಂದು, ಕೇಸು ತಮ್ಮಂತೆಯೇ ಮರಳಿ ಬಂದಿರುವ ಇನ್ನೊಬ್ಬ ನಿವೃತ್ತ ನ್ಯಾಯಾಧೀಶರಿಗೆ ಹೋಗಿದೆಯೆಂದು ಹೆಸರು ಹೇಳಿದರು. ನಮ್ಮ ಮನೆಯಲ್ಲೇ ಕಾಯುತ್ತಿದ್ದ ಸುಬ್ಬರಾವ್ ಗಾರು ತಲೆಯ ಮೇಲೆ ಕೈ ಹೊತ್ತು ಕೂತರು.

"ಅಯ್ಯಯ್ಯೋ! ಅವರೂ ನಮ್ಮ ವಾಕಿಂಗ್ ಗುಂಪಿನವರೇ. ನಿನ್ನೆ ತಾನೆ ಒಂದು ಜಾಡಿ ಆವಕಾಯಿ ಉಪ್ಪಿನಕಾಯಿ ಕೊಟ್ಟುಬಂದೆ!"

ನಿವೃತ್ತರೆಲ್ಲ ಮುಂಜಾನೆ ಕೃಷ್ಣೆಯ ದಂಡೆಯಲ್ಲಿ ಒಟ್ಟಿಗೇ ನಡೆಯುವ ಈ ಊರಿನಲ್ಲಿ, ಇವರ ಕೇಸು ಮುಗಿಯಬೇಕಾದರೆ ಮಂಡಿನೋವಿನಿಂದ ಮನೆಯಲ್ಲೇ ಕೂತ ನ್ಯಾಯಾಧೀಶರೊಬ್ಬರನ್ನು ಹುಡುಕಿ ಕರೆಸಬೇಕು.