ಕ್ಯಾರಿಯರ್ ಮೇಲೆ ಅಪ್ಪನ ಗಾಳದ ಕೋಲು

ರಾತ್ರಿಯೆಲ್ಲ ಗಾಡಿ ಓಡಿಸಿದವನಿಗೆ ಬೆಳಗಿನ ಸೂರ್ಯ ಹೈಬೀಮ್ ಹಾಕಿಕೊಂಡು ಎದುರಿಗೆ ಬರೋ ಲಾರಿಯ ಥರ ಕಾಣುತ್ತಾನೆ. ಆ ಭಾನುವಾರವೂ ಹಾಗೇ ಬಂದ. ಎಲೆಕ್ಟ್ರಾನಿಕ್ ಸಿಟಿಯ ಕಾಲ್ ಸೆಂಟರಿನವರನ್ನೆಲ್ಲ ಅವರವರ ಪೀಜಿ ಗೇಟಿಗೆ ಇಳಿಸಿ, ಬೇಗೂರಿನ ನಮ್ಮ ಮನೆ ಮುಂದೆ ಸುಮೋ ನಿಲ್ಲಿಸಿದಾಗ ನನ್ನ ತಲೆಯಲ್ಲಿದ್ದದ್ದು ಒಂದೇ, ದಿಂಬು. ಬಾಗಿಲಲ್ಲಿದ್ದದ್ದು ಅಪ್ಪ. ಇಸ್ತ್ರಿ ಶರ್ಟು, ಎತ್ತಿ ಕಟ್ಟಿದ ಪಂಚೆ, ಕೈಯಲ್ಲಿ ಗಾಳದ ಕೋಲು.

ತಪ್ಪು ನನ್ನ ಬಾಯಿಯದು. ನನ್ನ ಬಾಯಿ ಯಾವತ್ತೂ ನನ್ನ ಮಾತು ಕೇಳಿದ್ದಿಲ್ಲ. ಅದಕ್ಕೆ ಮಿಮಿಕ್ರಿ ಹುಚ್ಚು. ಕ್ಯಾಬಿನಲ್ಲಿ ಹಿಂದಿನ ಸೀಟಿನ ಟೀಮ್ ಲೀಡರ್ ಮೇಡಂ "ಹಲೋ, ಆಮ್ ಐ ಆಡಿಬಲ್?" ಅಂತ ಫೋನಿಗೆ ಕೂಗಿದರೆ, ಅವರು ಇಳಿದ ಮೇಲೆ ನಾನು ಅದನ್ನೇ ಸಿಗ್ನಲ್ಲಿನಲ್ಲಿ ನಿಂತ ಎಮ್ಮೆಗೆ ಕೇಳುತ್ತಿದ್ದೆ. ಟ್ರಾಫಿಕ್ ಪೊಲೀಸರು, ಪಕ್ಕದ ಮನೆಯ ಬಾಡಿಗೆದಾರರು, ನಿದ್ದೆಗಣ್ಣಲ್ಲಿ ಆಕಳಿಸೋ ನಾನು, ಯಾರನ್ನೂ ಬಿಟ್ಟವನಲ್ಲ. ಆದರೆ ಮನೆಯಲ್ಲಿ ಜಾಸ್ತಿ ಓಡುತ್ತಿದ್ದದ್ದು ಅಪ್ಪನ ಐಟಮ್ಮೇ.

ಅಪ್ಪ ಬೊಮ್ಮನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಲಾರಿಗೆ ಮಾಲು ಹೇರಿಸಿ ಕಟ್ಟಿಸೋ ಕೆಲಸದಲ್ಲಿದ್ದವರು. ಕಬ್ಬಿಣದ ರಾಡು, ಪೈಪು, ಆಂಗಲ್ಲು, ಏನೇ ಇರಲಿ, ಅಪ್ಪ ಕೈ ಎತ್ತದೆ ಲಾರಿ ಗೇಟು ದಾಟುತ್ತಿರಲಿಲ್ಲ. ಸೊಂಟದ ಮೇಲೆ ಒಂದು ಕೈ, ಗಾಳಿಯಲ್ಲಿ ಒಂದು ಕೈ: "ಬರ್ಲಿ, ಬರ್ಲಿ, ಬರ್ಲಿ... ಸಾಕ್! ಕೆಂಪು ಬಟ್ಟೆ ಕಟ್ಟಿದ್ಯೇನ್ಲಾ?" ಇದನ್ನ ನಾನು ಮದುವೆ ಮನೆ, ನಾಮಕರಣ, ಒಂದು ಸಲ ತಿಥಿ ಊಟದಲ್ಲೂ ಮಾಡಿ ತೋರಿಸಿದ್ದೆ. ನೆಂಟರು ಎಲೆ ಮುಂದೆ ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪ ಮಾತ್ರ ಹಪ್ಪಳ ಮುರಿದುಕೊಂಡು ಗೋಡೆ ನೋಡುತ್ತಿದ್ದರು.

ಅಪ್ಪ ರಿಟೈರ್ ಆದ ವರ್ಷವೇ ನಮ್ಮ ಪಕ್ಕದ ಕೆರೆಗೆ ಬೇಲಿ ಬಿತ್ತು. ಕೆರೆ ಅಭಿವೃದ್ಧಿ ಅಂತ ಬೋರ್ಡು, ಗೇಟು, ಗೇಟಿಗೊಬ್ಬ ವಾಚ್‌ಮನ್. ಅಭಿವೃದ್ಧಿಯಾದ ಕೆರೆಯಲ್ಲಿ ಮೀನು ಹಿಡಿಯೋ ಹಾಗಿಲ್ಲ, ಸುತ್ತ ನಡೀಬಹುದು ಅಷ್ಟೇ. ಅಪ್ಪನಿಗೆ ಸುಮ್ಮನೆ ನಡೆಯೋದು ಅಂದರೆ ಅವಮಾನ. "ಬಸ್ ಸ್ಟಾಪ್‌ಗೂ ಓಗ್ದೆ, ಮನೆಗೂ ಬರ್ದೆ, ಸುತ್ತಾ ತಿರುಗೋಕೆ ನಾನೇನು ಗಾಣದ ಎತ್ತಾ?" ಅಂದು ಕೂತವರು ಕೂತೇಬಿಟ್ಟರು. ಟೀವಿ ಮುಂದೆ ಬೆಳಗ್ಗೆ, ಗೇಟಿನ ಹತ್ತಿರ ಸಂಜೆ. ಕೈಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಕುರ್ಚಿ ಕೈಯನ್ನೇ ಹಿಡಿದು ಹಿಡಿದು ಸಡಿಲಿಸುತ್ತಿದ್ದವು.

ಅವರ ಹತ್ತಿರ ಮೂರು ಬಿದಿರಿನ ಕೋಲುಗಳಿದ್ದವು. ಎರಡು ಗಿಡ್ಡ, ಅವು ನೆಂಟರು ಬಂದರೆ ಕೊಡೋವು. ಒಂದು ಉದ್ದ, ಎರಡು ಆಳಿಗಿಂತ ಜಾಸ್ತಿ, ಎಲ್ಲೂ ಜೋಡಿಸದ ಒಂದೇ ಬಿದಿರು. ವಯಸ್ಸಲ್ಲಿದ್ದಾಗ ತಾವೇ ಕಡಿದು ತಂದು, ಒಲೆ ಮೇಲಿನ ಹೊಗೆಯಲ್ಲಿ ಒಣಗಿಸಿ, ಎಣ್ಣೆ ಕುಡಿಸಿ ಕುಡಿಸಿ ಅದನ್ನ ಬೆಲ್ಲದ ಬಣ್ಣಕ್ಕೆ ತಂದಿದ್ದರು. ಬುಡ ಕೈತುಂಬ ದಪ್ಪ, ತುದಿ ಪೊರಕೆ ಕಡ್ಡಿಯಷ್ಟು. ಕೆರೆಗೆ ಬೇಲಿ ಬಿದ್ದ ಮೇಲೂ ತಿಂಗಳಿಗೊಮ್ಮೆ ಅದಕ್ಕೆ ಎಣ್ಣೆ ಸವರೋದು ತಪ್ಪಿರಲಿಲ್ಲ. ಮಡಚೋ ಕೋಲು ತಂದುಕೊಡ್ತೀನಿ ಅಂದಿದ್ದಕ್ಕೆ, "ಅದು ರೇಡಿಯೋ ಆಂಟೆನಾ ಕಣ್ಲಾ. ಅದ್ರಾಗೆ ವಾರ್ತೆ ಕೇಳ್ಬೋದು, ಮೀನು ಬರಾಕಿಲ್ಲ," ಅಂದಿದ್ದರು. ಆಮೇಲೆ ಮೆತ್ತಗೆ, "ಈ ಕೋಲು ಇರೋಗಂಟ ಮೀನು ಇಡಿಯೋದು. ಇದು ಓದ್ರೆ ನಂದೂ ಆಯ್ತು, ಟೀವಿ ನೋಡ್ಕಂಡು ಇದ್ಬಿಡೋದು."

ಆನೇಕಲ್ ಕಡೆ ಮಾವನ ಊರಿನಲ್ಲಿ ಬೇಲಿ ಇಲ್ಲದ ಕೆರೆ ಇದೆ ಅಂತ ಊಟಕ್ಕೆ ಕೂತಾಗ ಬಾಯಿ ಬಿಟ್ಟವನು ನಾನು. "ಭಾನುವಾರ ಕರ್ಕೊಂಡು ಹೋಗ್ತೀನಿ ಬಾ ಅಪ್ಪ" ಅಂದವನೂ ನಾನೇ. ಅಪ್ಪ ಮರೆತಿರುತ್ತಾರೆ ಅಂದುಕೊಂಡವನೂ ನಾನೇ.

"ಒಂದು ಗಂಟೆ ಮಲಗಿ ಎದ್ದುಬಿಡ್ತೀನಿ."

"ಮೀನು ನಿನ್ ನಿದ್ದೆ ಮುಗಿಯೋಗಂಟ ಕಾಯ್ತವಾ?"

ಅಮ್ಮ ಕಾಫಿ ಲೋಟ ಕೊಡೋ ನೆಪದಲ್ಲಿ ಹತ್ತಿರ ಬಂದು ಪಿಸುಗುಟ್ಟಿದಳು: "ರಾತ್ರಿಯಿಂದ ಎರಡು ಸಲ ಎರೆಹುಳದ ಡಬ್ಬಿ ತೆಗೆದು ನೋಡವ್ರೆ ಕಣೋ. ಮೀನು ಸಿಗದಿದ್ರೂ ಪರ್ವಾಗಿಲ್ಲ, ಆ ಕೋಲು ನೆಟ್ಟಗೆ ತಲುಪಿಸ್ಬಿಡು. ಎಷ್ಟು ದಿನ ಆಯ್ತು ಅವರು ಗೇಟು ದಾಟಿ."

ಕಾಫಿ ಕುಡಿದು ಸುಮೋದ ಮೇಲಿನ ಕ್ಯಾರಿಯರ್ ಹತ್ತಿದೆ.

ಕೋಲು ಕಟ್ಟೋದು ಒಂದು ಶಾಸ್ತ್ರದಂತೆ ನಡೆಯಿತು. ಗಾಳಗಳನ್ನ ಬಿಚ್ಚಿ ಡಬ್ಬಿಗೆ, ದಾರ ಸುತ್ತಿ ಚೀಲಕ್ಕೆ. ಕ್ಯಾರಿಯರಿನ ಕಬ್ಬಿಣದ ಪಟ್ಟಿಗಳಿಗೆ ಸೈಕಲ್ ಟ್ಯೂಬು ಸುತ್ತಿ, ಬಿದಿರಿಗೆ ಕಬ್ಬಿಣ ತಾಕದ ಹಾಗೆ ಮೆತ್ತೆ. ಮೂರು ಕೋಲೂ ಒಟ್ಟಿಗೆ, ಮೂರು ಕಡೆ ಕಟ್ಟು. ನಾನು ದಿಂಬಿನ ನೆನಪಲ್ಲಿ ಬಿಗಿಯಾಗಿ ಎಳೆದರೆ ಕೆಳಗಿಂದ ಬೈಗುಳ: "ಅಷ್ಟ್ ಬಿಗೀಬ್ಯಾಡ್ಲಾ, ಕಳ್ಳನ್ನ ಕಟ್ತಿದ್ದೀಯಾ? ಗಾಡಿ ಕುಲುಕಿದ್ರೆ ಅದ್ಕೂ ಉಸಿರಾಡೋಕೆ ಜಾಗ ಬ್ಯಾಡ್ವಾ?" ತುದಿ ಮುಂದಕ್ಕಿರಲಿ, ಕಣ್ಣೆದುರಿಗೆ ಇರುತ್ತೆ ಅಂದೆ. ಅಪ್ಪ ಬೀದಿಯ ಮೇಲಕ್ಕೆ ಬೆರಳು ತೋರಿಸಿದರು. ಕೇಬಲ್ ಟೀವಿ ವೈರು, ಇಂಟರ್ನೆಟ್ ವೈರು, ಯಾವುದಕ್ಕೂ ಸೇರದ ಅನಾಥ ವೈರು, ಎಲ್ಲ ಬಟ್ಟೆ ಒಣಗಿಸೋ ಹಗ್ಗದಷ್ಟು ಕೆಳಗೆ ಜೋತಾಡುತ್ತಿದ್ದವು. ತುದಿ ಮುಂದಿದ್ದರೆ ಮೊದಲ ವೈರಿಗೇ ಸಿಕ್ಕಿ ಮುರಿಯುತ್ತಿತ್ತು. ಬುಡ ಮುಂದೆ, ತುದಿ ಹಿಂದೆ. ಅದು ಸರಿಯೇ.

ಉದ್ದದ ಕೋಲು ಗಾಡಿಯ ಹಿಂದೆ ಒಂದು ಮಾರು ಚಾಚಿಕೊಂಡಿತು. ಅಪ್ಪ ಸೊಂಟಕ್ಕೆ ಕೈ ಇಟ್ಟರು. ಬರುತ್ತೆ ಅಂತ ಗೊತ್ತಿತ್ತು, ಬಂತು.

"ಮಾಲು ಒರ್ಗಡೆ ಚಾಚಿದ್ರೆ ಕೆಂಪು ಬಟ್ಟೆ ಇರ್ಬೇಕು."

ನಾನು ಕ್ಯಾರಿಯರ್ ಮೇಲಿಂದಲೇ ಅದೇ ದನಿಯಲ್ಲಿ, "ಬರ್ಲಿ, ಬರ್ಲಿ... ಕೆಂಪು ಬಟ್ಟೆ ಕಟ್ಟಿದ್ಯೇನ್ಲಾ?" ಅಂದೆ. ಅಮ್ಮ ನಕ್ಕು, ಒಳಗೆ ಹೋಗಿ ಒಂದು ಹಳೇ ಕೆಂಪು ರವಿಕೆ ಕಣ ತಂದಳು. ಒಳ್ಳೇ ಅಗಲ. ಅಪ್ಪ ನಗದೆ, ಅದನ್ನ ಪೊರಕೆ ಕಡ್ಡಿಯಂಥ ತುದಿಗೆ ತಾವೇ ಎರಡು ಗಂಟು ಹಾಕಿ ಕಟ್ಟಿ, ಎಳೆದು ನೋಡಿ, ಬಂದು ಕೂತರು.

ಬೇಗೂರು ರಸ್ತೆಯಲ್ಲಿ ನಮ್ಮದು ಮೆರವಣಿಗೆ. ಅಪ್ಪ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಪ್ರತಿ ವೈರಿಗೂ ಗಾಡಿ ನಿಲ್ಲಿಸಿದರು, ಪ್ರತಿ ರೋಡ್ ಹಂಪಿನ ಮೇಲೂ ಮೆಲ್ಲಗೆ ನಡೆಸಿದರು. ಹಿಂದಿನ ಬೈಕಿನವನು, "ಅಂಕಲ್, ದೇವ್ರು ಎಲ್ಲಿ? ಬರೀ ಬಾವುಟ ಕಾಣ್ತೈತೆ," ಅಂದ. ಇನ್ನೊಂದು ದಿನವಾಗಿದ್ದರೆ ಅವನಿಗೆ ಅವನದೇ ದನಿಯಲ್ಲಿ ಉತ್ತರ ಕೊಡುತ್ತಿದ್ದೆ. ಅವತ್ತು ಆಕಳಿಸಿದೆ.

ಕೆಳಗಿನ ರಸ್ತೆಯಲ್ಲಿ ಬರೀ ಸಿಗ್ನಲ್ಲು, ಗುಂಡಿ. ಫ್ಲೈಓವರ್ ಮೇಲೆ ಕುಲುಕೋದೇ ಇಲ್ಲ, ಕೋಲಿಗೂ ಒಳ್ಳೇದು ಅಂತ ನಾನಂದೆ. ಅಪ್ಪ ಒಪ್ಪಿದರು. ಬೊಮ್ಮನಹಳ್ಳಿಯಲ್ಲಿ ಹತ್ತಿದೆವು. ಬಿಸಿಲು, ಖಾಲಿ ರಸ್ತೆ. ಗಾಡಿ ತಾನಾಗೇ ವೇಗ ತೆಗೆದುಕೊಂಡಿತು. ಮೇಲೆ ಬಟ್ಟೆ ಪಟಪಟ ಪಟಪಟ ಅಂತ ಹೊಡೆದುಕೊಳ್ಳತೊಡಗಿತು. ನನಗೆ ಅದು ಚೆನ್ನಾಗಿಯೇ ಇತ್ತು. ಯಾರೋ ಕೆನ್ನೆಗೆ ಮೆತ್ತಗೆ ತಟ್ಟಿ ಎಬ್ಬಿಸಿದ ಹಾಗೆ, ಅದರ ಸದ್ದಿಗೇ ನಾನು ಎಚ್ಚರವಾಗಿದ್ದೆ. ಅಪ್ಪ ಕೆಳಗೆ ತಮ್ಮ ಹಳೇ ಫ್ಯಾಕ್ಟರಿಯ ಶೀಟಿನ ಛಾವಣಿ ಹುಡುಕುತ್ತಾ ಏನೋ ಹೇಳುತ್ತಿದ್ದರು. ನನಗೆ ಗೊತ್ತಿದ್ದ ಅಪ್ಪನಿಗಿಂತ ಜಾಸ್ತಿ ಮಾತಾಡುತ್ತಿದ್ದರು. ಗೆಂಡೆ ಮೀನು ನೀರ ಮೇಲೆ ತೇಲೋ ಬೆಂಡನ್ನ ಹೇಗೆ ಎಳೆಯುತ್ತೆ, ಜಿಲೇಬಿ ಮೀನು ಹೇಗೆ ಬರೀ ಕಚ್ಚಿ ಕಚ್ಚಿ ಸತಾಯಿಸುತ್ತೆ, ಎಲ್ಲ.

ಮಾತಿನ ಮಧ್ಯೆ ನಿಲ್ಲಿಸಿದರು.

"ಸದ್ದು ನಿಂತೋಯ್ತಲ್ಲ."

ಹೌದು. ಪಟಪಟ ಇರಲಿಲ್ಲ. ಬರೀ ಇಂಜಿನ್ನು, ಗಾಳಿ. ಕನ್ನಡಿಯಲ್ಲಿ ನೋಡಿದೆ. ಕನ್ನಡಿಯಲ್ಲಿ ಛಾವಣಿ ಕಾಣಲ್ಲ. "ಬಟ್ಟೆ ಬಿಚ್ಚಿಕೊಂಡಿರ್ಬೇಕು ಅಪ್ಪ," ಅಂದೆ.

"ನಾನ್ ಕಟ್ಟಿದ್ ಗಂಟು ಬಿಚ್ಚಾಕಿಲ್ಲ."

ಅದೂ ನಿಜ. ಆ ಫ್ಲೈಓವರ್ ಮೇಲೆ ನಿಲ್ಲೋ ಹಾಗಿಲ್ಲ, ತಿರುಗೋ ಹಾಗಿಲ್ಲ. ವಾರಕ್ಕೆ ಅಷ್ಟು ಸಲ ಓಡಾಡೋ ದಾರಿ, ಅವತ್ತು ಮುಗಿಯಲೇ ಇಲ್ಲ. ಅಪ್ಪ ಎರಡೂ ಕೈಯಲ್ಲಿ ಎರೆಹುಳದ ಡಬ್ಬಿ ಹಿಡಿದು ನೆಟ್ಟಗೆ ನೋಡುತ್ತಾ ಕೂತಿದ್ದರು.

ಕೊನೆಗೆ ಟೋಲ್ ಬಂತು. ಗೂಡಿನಲ್ಲಿದ್ದವನು ಕತ್ತು ಚಾಚಿ, ಮೇಲೆ ನೋಡಿ, ಉಪಕಾರ ಮಾಡೋ ದನಿಯಲ್ಲಿ ಹೇಳಿದ: "ಅಣ್ಣಾ, ಹಿಂದೆ ಕೋಲು ಚಾಚೈತೆ ನೋಡಿ. ಒಂದು ಕೆಂಪು ಬಟ್ಟೆ ಕಟ್ಕೊಳ್ಳಿ."

ಅಪ್ಪ ಹುಳದ ಡಬ್ಬಿಯ ಮುಚ್ಚಳವನ್ನ ಇನ್ನಷ್ಟು ಬಿಗಿ ಮಾಡಿದರು.

ಟೋಲ್ ದಾಟಿ ಒಂದು ಟೀ ಅಂಗಡಿ ಪಕ್ಕ ನಿಲ್ಲಿಸಿದೆ. ತುದಿ ಇರಲಿಲ್ಲ. ಒಂದು ತೋಳಿನಷ್ಟು ಉದ್ದ, ಬಟ್ಟೆ ಸಮೇತ, ಗಂಟು ಸಮೇತ ಹೋಗಿತ್ತು. ಕಟ್ಟುಗಳೆಲ್ಲ ಹಾಗೇ ಇದ್ದವು, ಟ್ಯೂಬಿನ ಮೆತ್ತೆಯೂ ಜಾಗ ಬಿಟ್ಟಿರಲಿಲ್ಲ. ಕಬ್ಬಿಣದ ರಾಡಿಗೆ ಬಟ್ಟೆ ಕಟ್ಟಿದರೆ ಬಟ್ಟೆ ಹರಿಯುತ್ತೆ. ಕಡ್ಡಿಯಂಥ ಬಿದಿರಿಗೆ ಕಟ್ಟಿದರೆ ಗಾಳಿಗೆ ಆ ಬಟ್ಟೆಯೇ ಅದನ್ನ ಹಿಡಿದು ಆ ಕಡೆ ಈ ಕಡೆ ಜಗ್ಗಿ ಜಗ್ಗಿ ಮುರಿದುಬಿಡುತ್ತೆ. ಸರ್ವೀಸಿನಲ್ಲಿ ಅಷ್ಟು ಲಾರಿ ಕಳಿಸಿದವರು ಒಂದು ಬಿದಿರನ್ನ ಕಬ್ಬಿಣ ಅಂದುಕೊಂಡಿದ್ದರು. ನಾನು ಅದನ್ನ ಅಣಕಿಸಿದೆನೇ ಹೊರತು ಯೋಚಿಸಿರಲಿಲ್ಲ.

ಅಪ್ಪ ಸೀಳಿದ ತುದಿಯ ಮೇಲೆ ಹೆಬ್ಬೆರಳು ಆಡಿಸಿದರು. ನಾರು ನಾರಾಗಿ ಬಿಟ್ಟುಕೊಂಡಿತ್ತು.

"ವಾಪಸ್ ಮನೆಗೆ ತಿರುಗ್ಸು."

"ಅಪ್ಪ..."

"ತಿರುಗ್ಸು ಅಂದೆ."

ನನ್ನ ಹತ್ತಿರ ಒಳ್ಳೇ ಮಾತು ಒಂದೂ ಇರಲಿಲ್ಲ. ಬೇರೆಯವರ ಮಾತು ಬೇಕಾದಷ್ಟಿತ್ತು. ಆಗ ನನ್ನನ್ನ ಕಾಪಾಡಿದ್ದು ಸುಸ್ತು. "ಯೂ ಟರ್ನು ಮುಂದೆ ಎಲ್ಲೋ ಐತೆ ಅಪ್ಪ. ಕಣ್ಣು ಮುಚ್ಚಿಹೋಗ್ತಿದೆ. ಐದು ನಿಮಿಷ ಬಿಡು, ಆಮೇಲೆ ತಿರುಗಿಸ್ತೀನಿ," ಅಂದು ಸ್ಟೇರಿಂಗ್ ಮೇಲೆ ತಲೆ ಇಟ್ಟೆ. ನಾಟಕ ಅಲ್ಲ, ನಿಜವಾಗಲೂ ಹೋದೆ.

ಎಷ್ಟು ಹೊತ್ತೋ. ಎದ್ದಾಗ ಬಾಯಿ ಪಕ್ಕ ಜೊಲ್ಲು, ಹಣೆ ಮೇಲೆ ಸ್ಟೇರಿಂಗಿನ ಬರೆ. ಪಕ್ಕದ ಸೀಟು ಖಾಲಿ. ಗಾಬರಿಯಲ್ಲಿ ಇಳಿದೆ. ಅಪ್ಪ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಕೋಲನ್ನ ಒಬ್ಬರೇ ಬಿಚ್ಚಿ ಇಳಿಸಿದ್ದರು. ಮುರಿದ ಜಾಗದಿಂದ ಹಿಂದಿನ ಗಿಣ್ಣಿನ ತನಕ ನೀಟಾಗಿ ಕತ್ತರಿಸಿ, ಅಂಗಡಿಯವನ ಚಾಕುವಿನಲ್ಲಿ ದಾರ ಕಟ್ಟೋಕೆ ಸುತ್ತ ಒಂದು ಕಚ್ಚು ಹಾಕುತ್ತಿದ್ದರು. ಕಾಲ ಬುಡದಲ್ಲಿ ಬೆಲ್ಲದ ಬಣ್ಣದ ಹೊಟ್ಟು. ಅಂಗಡಿಯವನು, "ನಿಮ್ ತಂದೇನಾ ಅಣ್ಣ? ಮೂರು ಟೀ ಆಯ್ತು, ನಿಮ್ಮನ್ನ ಎಬ್ಬಿಸ್ಬ್ಯಾಡ ಅಂದ್ರು," ಅಂದ.

ಅಪ್ಪ ತಲೆ ಎತ್ತದೆ ಕೋಲನ್ನ ಗಾಳಿಯಲ್ಲಿ ಒಂದು ಸಲ ಬೀಸಿ ನೋಡಿದರು. ಇನ್ನೊಂದು ಸಲ. ಆಮೇಲೆ ಎದ್ದು ನಿಂತು, ಸೊಂಟದ ಮೇಲೆ ಒಂದು ಕೈ ಇಟ್ಟು, ಇನ್ನೊಂದನ್ನ ಗಾಳಿಯಲ್ಲಿ ಎತ್ತಿ,

"ಬರ್ಲಿ, ಬರ್ಲಿ, ಬರ್ಲಿ... ಕೆಂಪು ಬಟ್ಟೆ ಕಟ್ಟಿದ್ಯೇನ್ಲಾ?" ಅಂದರು.

ಅದು ಅಪ್ಪನ ದನಿ ಅಲ್ಲ. ಅಪ್ಪ ಯಾವತ್ತೂ 'ಲಾ' ಅನ್ನೋದನ್ನ ಅಷ್ಟು ಎಳೆಯುತ್ತಿರಲಿಲ್ಲ, ಎಳೆಯುತ್ತಿದ್ದದ್ದು ನಾನು. ಮದುವೆ ಮನೆಗಳಲ್ಲಿ ನಾನು ಮಾಡೋ ಅಪ್ಪನನ್ನ ಅಪ್ಪ ಮಾಡಿ ತೋರಿಸುತ್ತಿದ್ದರು. ಕತ್ತು ಒಂದು ಕಡೆ ವಾಲಿಸೋದು, ನಗು ಬರಲಿ ಅಂತ ಕೊನೆಯಲ್ಲಿ ಹುಬ್ಬು ಹಾರಿಸೋದು, ಒಂದನ್ನೂ ಬಿಟ್ಟಿರಲಿಲ್ಲ. ಗೋಡೆ ನೋಡುತ್ತಾ ಹಪ್ಪಳ ತಿಂದವರು ಎಲ್ಲ ನೋಡಿದ್ದರು. ಟೀ ಅಂಗಡಿಯವನು ಏನೂ ಅರ್ಥವಾಗದೆ ನಕ್ಕ. ನಾನು ನಗೋಕೆ ಹೋಗಿ ಕೆಮ್ಮಿದೆ.

"ಯೂ ಟರ್ನು?" ಅಂತ ಕೇಳಿದೆ.

"ಉಳ ಸಾಯ್ತವೆ. ನಡಿ ಮುಂದಕ್ಕೆ."

ಮಾವನ ಕೆರೆಯಲ್ಲಿ ಕೋಲು ಗಿಡ್ಡವಾಗಿ ದಾರ ಮೊದಲಿನಷ್ಟು ದೂರ ಹೋಗಲಿಲ್ಲ. ಅಪ್ಪ ಪಂಚೆ ಇನ್ನೂ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದು ನಿಂತರು. ನಾನು ಹುಣಸೆ ಮರದ ಕೆಳಗೆ ಬಿದ್ದುಕೊಂಡು, ಕಣ್ಣು ಬಿಟ್ಟಾಗಲೆಲ್ಲ ನೀರಲ್ಲಿ ನಿಂತ ಆ ಬೆನ್ನನ್ನ ನೋಡುತ್ತಿದ್ದೆ. ಸಿಕ್ಕಿದ್ದು ಎರಡು ಜಿಲೇಬಿ, ಅಂಗೈಗಿಂತ ಸಣ್ಣವು. ಮಾವ, "ಭಾವ, ಇವು ಇನ್ನೂ ಅಂಗನವಾಡಿಗೆ ಹೋಗ್ತಾ ಇದ್ವು," ಅಂದ. ಅಪ್ಪ ಅವನ್ನ ವಾಪಸ್ ನೀರಿಗೆ ಬಿಟ್ಟರು.

ಬರುವಾಗ ಚಂದಾಪುರದ ಹಾರ್ಡ್‌ವೇರ್ ಅಂಗಡಿ ಮುಂದೆ ಅಪ್ಪ ಗಾಡಿ ನಿಲ್ಲಿಸೋಕೆ ಹೇಳಿದರು. ಮನೆ ಛಾವಣಿಯಿಂದ ಮಳೆ ನೀರು ಇಳಿಸೋಕೆ ಹಾಕ್ತಾರಲ್ಲ, ಆ ದಪ್ಪ ಪ್ಲಾಸ್ಟಿಕ್ ಪೈಪು ಒಂದು, ಎರಡು ಕಡೆಗೂ ಮುಚ್ಚಳ. ಕೋಲುಗಳನ್ನ ಅದರೊಳಗೆ ತೂರಿಸಿ, ಅಲುಗದ ಹಾಗೆ ಹಳೇ ಟವೆಲ್ಲು ತುರುಕಿ, ಪೈಪನ್ನೇ ಕ್ಯಾರಿಯರಿಗೆ ಕಟ್ಟಿದೆವು. ಈ ಸಲ ಬಿಗಿಯಾಗಿಯೇ ಎಳೆಯೋಕೆ ಹೇಳಿದರು, ಪೈಪಿಗೆ ಉಸಿರಾಟದ ತೊಂದರೆ ಇಲ್ಲವಂತೆ. ಪೈಪು ಗಾಡಿಯ ಹಿಂದೆ ಸ್ವಲ್ಪ ಚಾಚಿತ್ತು. ಅಂಗಡಿಯಲ್ಲಿ ಒಂದು ತುಂಡು ಕೆಂಪು ಬಟ್ಟೆ ಕೇಳಿ ತಂದು ಅಪ್ಪ ಅದರ ತುದಿಗೆ ಕಟ್ಟಿದರು. ನಾನು ಬಾಯಿ ಮುಚ್ಚಿಕೊಂಡು ಗಂಟು ಹಿಡಿದುಕೊಟ್ಟೆ.

ಫ್ಲೈಓವರ್ ಮೇಲೆ ಬಟ್ಟೆ ಮತ್ತೆ ಪಟಪಟ ಶುರುಮಾಡಿತು. ಬೊಮ್ಮನಹಳ್ಳಿಯಲ್ಲಿ ಇಳಿಯೋವರೆಗೂ ಅಪ್ಪ ಅದನ್ನೇ ಕೇಳಿಸಿಕೊಂಡು ಕೂತಿದ್ದರು. ನನಗೆ ಬೆನ್ನು, ಕತ್ತು, ಕಣ್ಣಿನ ರೆಪ್ಪೆ, ಎಲ್ಲ ನೋಯುತ್ತಿತ್ತು. ಆ ರಾತ್ರಿ ಮತ್ತೆ ಡ್ಯೂಟಿ.

ಗಾಡಿ ಬೇಗೂರು ರಸ್ತೆಗೆ ತಿರುಗಿದಾಗ ಅಪ್ಪ ಕೇಳಿದರು:

"ಬರೋ ಭಾನುವಾರ ಡ್ಯೂಟಿಯಿಂದ ಎಷ್ಟೊತ್ತಿಗೆ ಬರ್ತೀಯ?"

ನನ್ನ ದಿಂಬಿನ ಮುಖ ಕಣ್ಮುಂದೆ ಬಂತು. ಒಂದು ವಾರಕ್ಕಲ್ಲ, ಇನ್ನು ಅದೆಷ್ಟು ವಾರಕ್ಕೋ ಅದು ನನ್ನಿಂದ ದೂರವಾಗುತ್ತಿತ್ತು.

"ಏಳಕ್ಕೆ," ಅಂದೆ. ನನ್ನ ದನಿಯಲ್ಲೇ.