ಎಡಗೈಗೊಂದು ಇಂಗ್ಲಿಷ್ ತಿಂಡಿ

ನನ್ನ ಹೆಂಡತಿ ಬಲಗೈ ಮುರಿದುಕೊಂಡು ಒಂಬತ್ತು ದಿನವಾಗಿತ್ತು. ಹಿತ್ತಿಲಿನ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದಳು. ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್. ನೋವು ಮೂರು ದಿನಕ್ಕೆ ತಗ್ಗಿತು, ಊಟದ ರಗಳೆ ಮಾತ್ರ ದಿನದಿನಕ್ಕೆ ಹೆಚ್ಚಿತು. ಎಡಗೈಯಿಂದ ಅನ್ನ ಮುಟ್ಟುವುದೆಂದರೆ ಅವಳಿಗೆ ಮೈಯೆಲ್ಲ ಮುದುಡಿಕೊಳ್ಳುತ್ತದೆ. ಚಮಚ ಕೊಟ್ಟೆ. ಹೋಟೆಲಿನಿಂದ ತಂದ ಉಪ್ಪಿಟ್ಟು ಬಾಯಿಗಿಂತ ಮಡಿಲಿಗೇ ಹೆಚ್ಚು ಬಿತ್ತು. ನಾನೇ ತುತ್ತು ಕೊಡಲು ಹೋದರೆ "ನಾನೇನು ಮಗುವೇನ್ರೀ?" ಎಂದು ಮುಖ ತಿರುಗಿಸಿದಳು. ಎರಡು ತುತ್ತಿಗೇ ಸಾಕು ಎನ್ನುತ್ತಿದ್ದಳು, ಕೆನ್ನೆ ಇಳಿದುಹೋಗಿತ್ತು.

ಸುದ್ದಿ ಹೊಳೆಹೊನ್ನೂರಿನಲ್ಲಿರುವ ಅವಳ ತಂಗಿಗೆ ಮುಟ್ಟಿತು. "ಭಾನುವಾರ ಬೆಳಿಗ್ಗೆ ಬಂದು ಕರ್ಕೊಂಡ್ ಹೋಗ್ತೀನಿ. ಪ್ಲಾಸ್ಟರ್ ಬಿಚ್ಚೋವರೆಗೂ ಅಕ್ಕ ನಮ್ಮನೇಲಿರ್ಲಿ. ನಿಮಗೆ ಒಂದು ಲೋಟ ಕಾಫಿ ಮಾಡೋಕ್ ಬರಲ್ಲ ಭಾವ, ಅವಳನ್ನ ಹೇಗ್ ನೋಡ್ಕೋತೀರ?" ಎಂದಳು ಫೋನಿನಲ್ಲಿ. ನನಗೆ ಉರಿದುಹೋಯಿತು. ಮೂವತ್ತು ವರ್ಷ ಭದ್ರಾವತಿಯ ಕಾರ್ಖಾನೆಯ ಫರ್ನೇಸಿನ ಮುಂದೆ ನಿಂತು ಕಬ್ಬಿಣ ಕರಗಿಸಿದವನಿಗೆ ಕಾಫಿಯ ಮಾತು! ಮಾತು ನಿಜವಾಗಿತ್ತು, ಅದಕ್ಕೇ ಅಷ್ಟು ಉರಿದದ್ದು. ಒಮ್ಮೆ ನೀರು ಹಾಕದೆ ಕುಕ್ಕರ್ ಇಟ್ಟ ಮೇಲೆ ಗ್ಯಾಸಿನ ಒಲೆಯ ಹತ್ತಿರ ಸುಳಿಯಲು ನನಗೆ ಅಪ್ಪಣೆಯಿರಲಿಲ್ಲ. ಹೆಂಡತಿ ತಂಗಿಗೆ ಬೇಡವೆನ್ನಲಿಲ್ಲ. ಬ್ಯಾಗಿಗೆ ಅವಳ ಸೀರೆಗಳನ್ನು ಹಾಕಿದವನೂ ನಾನೇ. ವಿನೋಬನಗರದ ಈ ಮನೆಯಲ್ಲಿ ಅವಳಿಲ್ಲದೆ ಒಂದೂವರೆ ತಿಂಗಳು ಕಳೆಯುವುದು ನನ್ನಿಂದಾಗದ ಮಾತು. ಹೋಗಬೇಡ ಎನ್ನಲು ಮಾತ್ರ ಈ ಹಾಳು ಬಾಯಿ ಬರಲಿಲ್ಲ.

ಸೀರೆ ಮಡಿಸುತ್ತಿರುವಾಗಲೇ ಒಬ್ಬ ಇಂಗ್ಲಿಷ್ ಎಂಜಿನಿಯರ್ ನೆನಪಾದ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾವುದೋ ಯಂತ್ರ ಕೂರಿಸಲು ಬಂದು ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಉಳಿದಿದ್ದ. ಅವನನ್ನು ಕರೆತರಲು ಹೋದವನು ಬಾಗಿಲಲ್ಲಿ ನಿಂತು ಅವನ ಬೆಳಗಿನ ತಿಂಡಿ ನೋಡಿದ್ದೆ. ಬಲಗೈಯಲ್ಲಿ ಚಾಕು, ಎಡಗೈಯಲ್ಲಿ ಫೋರ್ಕ್. ತುತ್ತು ಬಾಯಿಗೆ ಹೋಗುತ್ತಿದ್ದದ್ದು ಎಡಗೈಯಿಂದ, ಅದೂ ರಾಜಗಾಂಭೀರ್ಯದಿಂದ! ಹೊರಗೆ ಬಂದು ಜೊತೆಯವರಿಗೆ ಹೇಳಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಎಡಗೈಯಲ್ಲಿ ತಿನ್ನುವುದೇ ಮರ್ಯಾದೆ ಎನ್ನಿಸಿಕೊಂಡ ತಿಂಡಿಯೊಂದು ಲೋಕದಲ್ಲಿದೆ ಎಂಬುದು ಇಷ್ಟು ವರ್ಷದ ಮೇಲೆ ನನ್ನ ಉಪಯೋಗಕ್ಕೆ ಬಂತು.

ಶುಕ್ರವಾರ ಭದ್ರಾವತಿಯ ಬಸ್ಸು ಹತ್ತಿದೆ. ಮಲವಗೊಪ್ಪ ದಾಟುವಷ್ಟರಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಗೆಸ್ಟ್ ಹೌಸಿನ ಹಳೆಯ ಅಡುಗೆಯವನು ಈಗಲೂ ಭದ್ರಾವತಿಯಲ್ಲೇ ಇದ್ದಾನೆ. ತಮಿಳಿನವನು, ನನಗಿಂತ ಹಿರಿಯ. ನಮ್ಮ ಮನೆಯಲ್ಲಿ ಮಾಂಸ, ಮೊಟ್ಟೆ ಎರಡೂ ಇಲ್ಲ ಎಂದಾಗ ತಲೆ ಚಚ್ಚಿಕೊಂಡ.

"ಹಂದಿ ಇಲ್ಲ, ಮೊಟ್ಟೆ ಇಲ್ಲ, ಆಮೇಲೆ ಏನ್ ಸಾರ್ ಇಂಗ್ಲಿಷು?" ಎಂದ. ಆ ತಿಂಡಿಯ ಏಳು ಐಟಮ್‌ಗಳನ್ನು ಬೆರಳು ಮಡಿಸಿ ಎಣಿಸಿ, ಮಾಂಸ-ಮೊಟ್ಟೆಯ ಬದಲಿಯನ್ನು ನನಗೇ ಬಿಟ್ಟು, "ಸರಿ, ಒಂದು ಮಾತ್ರ ಮರೀಬೇಡಿ ಸಾರ್. ಏಳು ಐಟಮ್ಮೂ ಬಿಸಿಬಿಸಿಯಾಗಿ ಒಟ್ಟಿಗೇ ತಟ್ಟೆಗ್ ಬೀಳ್ಬೇಕು. ತಟ್ಟೇನೂ ಬಿಸಿ ಇರ್ಬೇಕು. ಅಷ್ಟು ಮಾಡಿದ್ರೆ ಇಂಗ್ಲಿಷು, ಇಲ್ಲಾಂದ್ರೆ ಬರೀ ತರಕಾರಿ" ಎಂದ.

ಒಲೆಯಂತೂ ಮುಟ್ಟುವಂತಿಲ್ಲ. ಇದ್ದದ್ದು ಏರ್ ಫ್ರೈಯರ್. ಫ್ರಿಜ್ ಕೊಂಡಾಗ ಅಂಗಡಿಯವರು ಉಚಿತವಾಗಿ ಕೊಟ್ಟದ್ದು, ಅದರ ಮೇಲೊಂದು ಕಸೂತಿ ಬಟ್ಟೆ ಹೊದಿಸಿ ಹೆಂಡತಿ ಹೂದಾನಿ ಇಟ್ಟಿದ್ದಳು. ಹೂದಾನಿ ಇಳಿಸಿ ಶನಿವಾರ ಪರೀಕ್ಷೆಗೆ ಕೂತೆ. ಅನಾಹುತವಾಯಿತು. ಫರ್ನೇಸಿನಲ್ಲಿ ನಾವು ಕಣ್ಣು ಕುಕ್ಕದಂತೆ ನೀಲಿ ಗಾಜು ಹಿಡಿದು ಬಣ್ಣ ನೋಡಿಯೇ ಹದ ಹೇಳುತ್ತಿದ್ದೆವು. ಈ ಡಬ್ಬಿಗೆ ಕಿಂಡಿಯೇ ಇಲ್ಲ. ಬಣ್ಣ ನೋಡಲು ಎರಡು ನಿಮಿಷಕ್ಕೊಮ್ಮೆ ಬುಟ್ಟಿ ಎಳೆದೆ, ಎಳೆದಾಗಲೆಲ್ಲ ಯಂತ್ರ ನಿಂತಿತು. ಅರ್ಧ ಗಂಟೆಯಾದರೂ ಆಲೂಗಡ್ಡೆ ಹಸಿಹಸಿ. ಹಗುರಾದ ಬ್ರೆಡ್ಡು ಗಾಳಿಗೆ ಹಾರಿ ಮೇಲಿನ ಕಾದ ಕಾಯಿಲ್‌ಗೆ ಅಂಟಿ ಕರಕಲಾಯಿತು.

ಕುರ್ಚಿಯಲ್ಲಿದ್ದ ಹೆಂಡತಿ ಕೈ ಮುರಿದ ಮೇಲೆ ಮೊದಲ ಸಲ ಜೋರಾಗಿ ನಕ್ಕಳು. "ಪದೇಪದೇ ತೆಗೆದ್ರೆ ಬೇಯುತ್ತೇನ್ರೀ? ಇಡ್ಲಿ ಮುಚ್ಚಳ ನಾನು ಹೀಗ್ ತೆಗೀತೀನಾ? ಕಿವಿ ಮೂಗು ಯಾಕಿದೆ ನಿಮ್ಗೆ?"

ಅವಳು ಹೇಳಿದ್ದು ಸರಿ. ಹಸಿ ಕಬ್ಬಿಣ ತುಂಬಿದಾಗ ಫರ್ನೇಸ್ ಅಬ್ಬರಿಸುತ್ತದೆ, ಕರಗುತ್ತ ಬಂದಂತೆ ದನಿ ತಗ್ಗಿ ಗುಂಯ್‌ಗುಡುತ್ತದೆ. ಕಣ್ಣು ಮುಚ್ಚಿಯೂ ಹದ ಹೇಳುತ್ತಿದ್ದೆ ಆಗ.

ಭಾನುವಾರ ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ನಿಂತೆ. ಆಲೂಗಡ್ಡೆಯದೂ ಸೋಯಾ ಉಂಡೆಯದೂ ಮೊದಲ ಶಿಫ್ಟ್. ಬುಟ್ಟಿ ಮುಟ್ಟದೆ ಕೈ ಕಟ್ಟಿ ಕಿವಿಗೊಟ್ಟೆ. ಒಳಗಿನ ಚಟಪಟ ತಗ್ಗಿ ಹುರಿದ ವಾಸನೆ ಮೂಗಿಗೆ ಬಡಿದಾಗ ಎಳೆದೆ. ಹೊಂಬಣ್ಣ! ಚಪಾತಿಯ ಹಾಟ್‌ಬಾಕ್ಸಿಗೆ ಅವುಗಳನ್ನು ಸುರಿದೆ. ಎರಡನೆಯ ಶಿಫ್ಟಿಗೆ ಅಣಬೆ, ಸಣ್ಣ ಸ್ಟೀಲ್ ಬಟ್ಟಲಲ್ಲಿ ಡಬ್ಬಿಯ ಬೀನ್ಸ್. ಆಮೇಲೆ ಬ್ರೆಡ್ಡು, ಹಾರದಂತೆ ಅದರ ಎದೆಯ ಮೇಲೆ ಅರ್ಧರ್ಧ ಟೊಮೆಟೊ. ಕೊನೆಯದು ನನ್ನ ಸ್ವಂತ ಆವಿಷ್ಕಾರ: ದುಂಡಗೆ ಕತ್ತರಿಸಿದ ಪನೀರ್, ನಡುವೆ ಗುಳಿ ತೋಡಿ ತುಂಬಿದ ಸಿಹಿಗುಂಬಳದ ಹಳದಿ ತುರಿ. ಸೋಲಾರ್ ನಲ್ಲಿಯ ಬಿಸಿನೀರಿನಲ್ಲಿ ಮುಳುಗಿಸಿಟ್ಟಿದ್ದ ತಟ್ಟೆ ಒರೆಸಿ ಎಲ್ಲವನ್ನೂ ಒಟ್ಟಿಗೆ ಬಡಿಸಿದೆ. ಒಂದೊಂದನ್ನೂ ತುತ್ತಿನಳತೆಗೆ ಕತ್ತರಿಸಿ ಅವಳ ಎಡಗೈಗೆ ಫೋರ್ಕ್ ಕೊಟ್ಟೆ.

"ಎಡಗೈಲೇನ್ರೀ?"

"ಇದನ್ನ ತಿನ್ನೋದೇ ಎಡಗೈಲಿ ಮಾರಾಯ್ತಿ. ಬಲಗೈಲಿ ತಿಂದ್ರೆ ಇಂಗ್ಲಿಷಿನವರು ನಗ್ತಾರೆ."

ಆಲೂಗಡ್ಡೆಯೊಂದನ್ನು ಚುಚ್ಚಿದಳು. ಬೀಳಲಿಲ್ಲ. ಬಾಯಿಗೆ ಹೋಯಿತು. ಮತ್ತೊಂದು ಚುಚ್ಚಿದಳು. ನಾನು ಎಣಿಸಲಿಲ್ಲ ಎಂದರೆ ಸುಳ್ಳಾದೀತು. ಹನ್ನೊಂದನೆಯ ತುತ್ತಿಗೆ ನನ್ನ ಕಣ್ಣು ತುಂಬಿತು, ಫ್ರಿಜ್ಜಿನ ಬಾಗಿಲು ತೆಗೆದು ಸುಮ್ಮನೆ ಒಳಗೆ ನೋಡುತ್ತ ನಿಂತೆ.

ಅಷ್ಟರಲ್ಲಿ ನಾದಿನಿ ಒಳಗೆ ಬಂದಳು. ತಟ್ಟೆ ನೋಡಿದವಳೇ ಕಿರುಚಿದಳು. "ಅಯ್ಯೋ ಶಿವನೇ! ಅಕ್ಕಂಗೆ ಮೊಟ್ಟೆ ತಿನ್ನಿಸ್ತಿದೀರಾ ಭಾವ?"

"ಮೊಟ್ಟೆ ಅಲ್ಲ ಕಣೇ, ಕುಂಬಳಕಾಯಿ. ನಮ್ಮ ಯಜಮಾನ್ರು ಮಾಡಿದ್ದು" ಎಂದಳು ಹೆಂಡತಿ, ಬಾಯಿ ತುಂಬಿಕೊಂಡೇ. ಕಾರ್ಖಾನೆಯಲ್ಲಿ ನನಗೆ ಒಂದೆರಡು ಸಲ ಶಾಲು ಹೊದಿಸಿದ್ದರು. ಅವು ಇದರ ಮುಂದೆ ಏನೂ ಅಲ್ಲ.

ನಾದಿನಿಗೂ ಒಂದು ತಟ್ಟೆ ಬಡಿಸಿದೆ. ಎರಡೂ ಕೈ ನೆಟ್ಟಗಿದ್ದ ಅವಳು ಫೋರ್ಕನ್ನು ಬಲಗೈಯಲ್ಲಿ ಹಿಡಿದು, "ಎಷ್ಟೊತ್ತಿಗ್ ಹೊರಡೋಣ ಅಕ್ಕ?" ಎಂದಳು.

ಹೆಂಡತಿ ಅವಳ ಕೈ ನೋಡಿದಳು. "ಬಲಗೈಲಿ ಅಲ್ಲ ಕಣೇ, ಇದನ್ನ ಎಡಗೈಲಿ ತಿನ್ನೋದು. ಅಷ್ಟೂ ಗೊತ್ತಿಲ್ವಾ?" ಆಮೇಲೆ ನನ್ನ ಕಡೆ ತಿರುಗಿದಳು. "ರೀ, ಆ ಬ್ಯಾಗಲ್ಲಿರೋ ಸೀರೆ ತೆಗೆದು ವಾಪಸ್ ಬೀರುವಿಗೆ ಇಡಿ. ನಾಳೆಗೂ ಕುಂಬಳಕಾಯಿ ಇದೆ ತಾನೇ?"

ಇನ್ನೂ ಅರ್ಧ ಹೋಳು ಇತ್ತು. ಸೀರೆಗಳನ್ನು ಒಂದೊಂದಾಗಿ, ಮಡಿಕೆ ಕೆಡದಂತೆ ಬೀರುವಿನಲ್ಲಿ ಜೋಡಿಸಿದೆ.