ಹಂಚು ಇಡದ ದಿನ

ಪಂಚಮಿಯ ದಿನ ಮುಂಜಾನೆ ನಾನು ಕಡುಬಿಗೆ ಹೂರಣ ಅರೆಯುತ್ತಿದ್ದೆ. ಓಣಿಯ ಕೊನೆಯ ಬೇವಿನ ಕಟ್ಟೆಯ ನಾಗಪ್ಪನಿಗೆ ಹಾಲೆರೆದು ಬಂದಾಗಿತ್ತು. ಬೇಳೆ ಹದವಾಗಿ ಬೆಂದಿದೆ, ಕರೆಂಟು ಹೋಗಿಲ್ಲ ಎಂದು ಶಿವನ ಸಣ್ಣ ಸಣ್ಣ ಕರುಣೆಗಳನ್ನು ಎಣಿಸಿಕೊಳ್ಳುತ್ತ ಕೂತಿದ್ದೆ. ಆಗ ಕಮಲಾಪುರದಿಂದ ಫೋನ್ ಬಂತು.

"ಅಕ್ಕಾರ, ಒಂದ ಗಂಟು ಬಂದದ. ಉಳಿದ ರೊಟ್ಟಿ ಎಲ್ಲವ್ರಿ?"

ಕಮಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಖಾನಾವಳಿ ನಡೆಸುವ ಹೆಣ್ಣುಮಗಳು ಅವಳು. ಮೊದಲು ನಮ್ಮ ಓಣಿಯಲ್ಲೇ ಬಾಡಿಗೆಗೆ ಇದ್ದವಳು. ಕಲಬುರಗಿಯಲ್ಲಿ ನಾವು ನಾಲ್ವರು ಹೆಂಗಸರು ನಮ್ಮ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಕೊಡುತ್ತೇವೆ. ಗಿರಾಕಿಗಳ ಫೋನ್ ಬರುವುದು ನನಗೆ, ಮಾತು ಕೊಡುವವಳೂ ನಾನೇ. ಆ ದಿನ ಮಧ್ಯಾಹ್ನ ಅವಳ ಖಾನಾವಳಿಗೆ ರಸ್ತೆ ಕೆಲಸದ ಒಂದು ತಂಡ ಮೊದಲ ಸಲ ಊಟಕ್ಕೆ ಬರುವುದಿತ್ತು. ಅವರ ಮೇಸ್ತ್ರಿಗೆ ಊಟ ಮನಸ್ಸಿಗೆ ಬಂದರೆ ಕೆಲಸ ಮುಗಿಯುವವರೆಗೂ ಅಷ್ಟೂ ಜನರ ಊಟ ಅವಳಲ್ಲೇ. ಖಡಕ್ ರೊಟ್ಟಿ ಬೇಡ, ಅದೇ ದಿನದ ಮೆತ್ತನ್ನ ರೊಟ್ಟಿಯೇ ಬೇಕು ಎಂದು ಅವನು ಹೇಳಿದ್ದ.

ಪಂಚಮಿಯ ದಿನ ನಮ್ಮಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ಹಿಂದಿನ ದಿನವೇ ರೊಟ್ಟಿ ಮಾಡಿಟ್ಟುಕೊಂಡು, ಹಬ್ಬದ ದಿನ ಕುದಿಸಿದ್ದು, ಬೇಯಿಸಿದ್ದು ಮಾತ್ರ. ಅವಳ ಮನೆಯಲ್ಲೂ ಅದೇ ಪದ್ಧತಿ. ಅದಕ್ಕೇ ಅವಳು ವಾರದ ಹಿಂದೆಯೇ ಕೇಳಿದ್ದಳು: "ಪಂಚಮಿ ಅದ ಅಕ್ಕಾರ. ನಿಮ್ಮಲ್ಲಿ ಆಗ್ತದೇನ್ರಿ? ಆಗಂಗಿಲ್ಲಂದ್ರ ಈಗ ಹೇಳಿಬಿಡ್ರಿ, ಬ್ಯಾರೆ ನೋಡ್ಕೋತೀನಿ."

"ಆಗ್ತದ ತಗೋ ತಂಗಿ. ನಮ್ಮ ಆಪಾ ಇದ್ದಾರಲ್ಲ. ಶಿವ ನಡಸ್ತಾನ," ಎಂದಿದ್ದೆ.

ಆಪಾ ಎಂದರೆ ನಮ್ಮ ನಾಲ್ವರಲ್ಲಿ ಹಿರಿಯಳು, ಎರಡು ಮನೆ ಆಚೆಯ ಮುಸ್ಲಿಂ ಹೆಣ್ಣುಮಗಳು. ಅವಳಿಗೆ ಪಂಚಮಿಯಿಲ್ಲ. ಉಳಿದಿಬ್ಬರು ಹಬ್ಬಕ್ಕೆ ತವರಿಗೆ ಹೋಗುವವರಿದ್ದರು. ಹೀಗಾಗಿ ತಲಾ ಒಂದರಂತೆ ಎಲ್ಲರ ಪಾಲಿನ ನಾಲ್ಕು ಗಂಟು ರೊಟ್ಟಿಯನ್ನೂ ಆಪಾ ಒಬ್ಬಳೇ ಮಾಡುತ್ತಾಳೆ ಎಂದು ನಾನು ಕಮಲಾಪುರಕ್ಕೆ ಮಾತು ಕೊಟ್ಟೆ. ಅದನ್ನು ಆಪಾಗೆ ಹೇಳಲಿಲ್ಲ.

ಹೇಳಿದೆ ಎಂದೇ ನನ್ನ ಮನಸ್ಸಿನಲ್ಲಿತ್ತು. ಹಿಂದಿನ ಸಂಜೆ ಅವಳ ಮನೆಗೆ ಹಬ್ಬದ ರೊಟ್ಟಿ, ಕಾಳು ಪಲ್ಯ ಕೊಟ್ಟು ಬರಲು ಹೋದಾಗ, "ನಾಳೆ ನಾವು ಹಂಚು ಇಡಂಗಿಲ್ಲ ನೋಡ್ರಿ ಆಪಾ. ಕಮಲಾಪುರದವು ಮಧ್ಯಾಹ್ನದೊಳಗ ಮುಟ್ಟಬೇಕು. ನಿಮಗೇನ್ರಿ, ನಿಮಗ ಪಂಚಮಿ ಇಲ್ಲಲ್ಲ," ಎಂದಿದ್ದೆ.

"ನಂದೇನದ ವೈನಿ, ದಿನದಂಗ ಇಡ್ತೀನಿ ಹಂಚು," ಎಂದಳು ಅವಳು.

ನಾನು ಸಮಾಧಾನದಿಂದ ಮನೆಗೆ ಬಂದೆ. ಬಾಯಿಬಿಟ್ಟು ಕೇಳಿದ್ದರೆ, ನನ್ನ ಹಬ್ಬಕ್ಕೆ ನನ್ನ ಕೈ ತಂಪಾಗಿರಲಿ, ನನ್ನ ಬದಲು ನೀವು ಬೆಂಕಿಯ ಮುಂದೆ ಕೂಡ್ರಿ ಎಂದು ಕೇಳಬೇಕಾಗುತ್ತಿತ್ತು. ಆ ಮಾತು ನಾಲಿಗೆಗೆ ಬರುವಂಥದ್ದಲ್ಲ. ಸುತ್ತುಬಳಸಿ ಹೇಳಿದರೆ ಕೇಳಿದ ಹಾಗೂ ಆಗುತ್ತದೆ, ಕೇಳದ ಹಾಗೂ ಇರುತ್ತದೆ.

ಈಗ ಫೋನಿನಲ್ಲಿ ಕಮಲಾಪುರದವಳು ಉತ್ತರಕ್ಕೆ ಕಾಯುತ್ತಿದ್ದಳು. "ಬರಾಕತ್ತಾವ ತಗೋ, ಮುಂದಿನ ಬಸ್ಸಿಗದಾವ," ಎಂದುಬಿಟ್ಟೆ. ಹಬ್ಬದ ದಿನ, ವಿಭೂತಿ ಹಚ್ಚಿದ ಹಣೆಯಲ್ಲಿ, ಒಂದು ಗಳಿಗೆಯೂ ತಡೆಯದೆ ಸುಳ್ಳು ಬಂತು.

ಹೂರಣದ ಮೇಲೆ ತಾಟು ಮುಚ್ಚಿ ಆಪಾಳ ಮನೆಗೆ ನಡೆದೆ. ಹೋಗುವಾಗ ಸಿಟ್ಟೇ ಇತ್ತು. ಆಪಾ ಬುರ್ಖಾ ಹಾಕಿಕೊಂಡು ಬಾಗಿಲಿಗೆ ಬೀಗ ಹುಡುಕುತ್ತಿದ್ದಳು. ತಾಜಸುಲ್ತಾನಪುರದಲ್ಲಿ ಅವಳ ತಂಗಿ ಹಡೆದಿದ್ದಳು, ಅಲ್ಲಿಗೆ ಹೊರಟಿದ್ದಳು.

"ಆಪಾ, ಒಂದ ಗಂಟು ಕಳಿಸೀರಂತ?"

"ಹೌದ್ರಿ. ನನ್ನ ಪಾಲಿಂದು. ನಮ್ಮವ್ರ ಆಟೋದಾಗ ಒಯ್ದು ಬಸ್ಸಿಗಿಟ್ಟು ಬಂದಾರ. ಯಾಕ?"

"ಎಲ್ಲಾನೂ ನೀವ ಮಾಡ್ತೀರಂತ ತಿಳ್ಕೊಂಡಿದ್ದೆನಲ್ರಿ ನಾ!"

ಅವಳು ಬೀಗ ಹುಡುಕುವುದನ್ನು ಬಿಟ್ಟಳು. "ಯಾ ಅಲ್ಲಾ! ನಾಲ್ಕು ಮಂದೀದು? ನೀವು ಕಮಲಾಪುರಕ್ಕ ಕಡಿಮಿ ಹೇಳಿರ್ತೀರಿ ಅನ್ಕೊಂಡೆ ನಾ. ಮಾಡ್ರಿ ಅಂತ ನೀವು ಕೇಳಿದ್ರೇನು?"

ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಈಗ ಕೇಳ್ರಿ," ಎಂದಳು. "ಎಷ್ಟು ಬೇಕು, ಯಾವಾಗ ಬೇಕು, ಬಾಯಿಲೆ ಹೇಳ್ರಿ. ಆಮ್ಯಾಲ ನಂದು ಆಗ್ತದೋ ಇಲ್ಲೋ ನಾ ಹೇಳ್ತೀನಿ."

ಕೇಳಿದೆ. ಇನ್ನೂ ಮೂರು ಗಂಟು ಬೇಕು, ಮಧ್ಯಾಹ್ನದೊಳಗೇ ಬೇಕು ಎಂದು ಬಾಯಿಬಿಟ್ಟು ಹೇಳಿದೆ. ಇನ್ನೊಂದು ಗಂಟು ಮಾಡಿ ಕೊಡುತ್ತೇನೆ, ಮಿಕ್ಕದ್ದು ಆಗುವುದಿಲ್ಲ, ಬಾಣಂತಿ ದಾರಿ ಕಾಯುತ್ತಾಳೆ ಎಂದು ಅವಳು ನೇರವಾಗಿ ಹೇಳಿದಳು. ಬುರ್ಖಾ ತೆಗೆದು ಗೂಟಕ್ಕೆ ಹಾಕಿದಳು. "ಮೊದಲ ಆಕೀಗಿ ಫೋನ್ ಹಚ್ರಿ. ಖರೇ ಹೇಳ್ರಿ. ಪಾಪ, ಬಸ್ ನೋಡ್ಕೋತ ನಿಂತಿರ್ತದ ಆ ಹುಡುಗಿ."

ಅವಳ ಎದುರಿಗೇ ಫೋನ್ ಹಚ್ಚಿದೆ. "ತಂಗಿ, ಆಗ ನಾ ಹೇಳಿದ್ದು ಸುಳ್ಳು. ರೊಟ್ಟಿ ಹೊಂಟಿಲ್ಲ. ಈಗ ಹಿಟ್ಟು ನಾದಾಕತ್ತೀವಿ. ಇನ್ನೊಂದ ಗಂಟು ಆಗ್ತದ, ಅದೂ ಊಟದ ಹೊತ್ತಿಗಿ ಮುಟ್ಟಂಗಿಲ್ಲ. ತಪ್ಪು ನಂದು."

"ಆಗಲೇ ಇಷ್ಟು ಹೇಳಿದ್ರ ಇಷ್ಟೊತ್ತಿಗಿ ಅನ್ನಕ್ಕ ಇಟ್ಟಿರ್ತಿದ್ದೆನಲ್ರಿ ಅಕ್ಕಾರ," ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ಫೋನ್ ಇಟ್ಟಳು.

ಆಪಾ ಹಂಚು ಇಟ್ಟಳು. ನಾನು ಹಿಟ್ಟು ನಾದಿ ಬಡಿಯಲು ಕೂತೆ. ಉರಿ ಅಲ್ಲಾಡುತ್ತದೆ ಎಂದು ಫ್ಯಾನ್ ಹಾಕಿರಲಿಲ್ಲ. ರೊಟ್ಟಿಯ ಮೇಲೆ ನೀರು ಸವರಲು ಅವಳು ಬಗ್ಗಿದಾಗೆಲ್ಲ ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ವೈನಿ, ಬಡಿಯೋದಕ್ಕ ನಿಮ್ಮ ನಾಗಪ್ಪ ಏನೂ ಅನ್ನಂಗಿಲ್ಲೇನು?"

"ಬಡಿಯೋದಕ್ಕೇನಿಲ್ರಿ ಆಪಾ. ಹಂಚು ಇಡೋದಷ್ಟ ಇಲ್ಲ."

"ಅಂದ್ರ ಮುಂಜಾನೇನ ಬರಬಹುದಿತ್ತಲ್ರಿ!" ಎಂದು ನಕ್ಕಳು. ಅವಳದು ಬರೀ ತಮಾಷೆ. ನನಗೆ ನಗು ಬರಲಿಲ್ಲ. ಮುಂಜಾನೆ ನಾನು ಹೂರಣದ ಮುಂದೆ ಕೂತು ದೇವರ ಕರುಣೆ ಎಣಿಸುತ್ತಿದ್ದಾಗ ಇವಳು ಇಲ್ಲಿ ಒಬ್ಬಳೇ ಬಡಿದು ಒಬ್ಬಳೇ ಬೇಯಿಸಿದ್ದಳು. ಹೀಗೆ ಬಂದು ಕೂಡುವುದು ನನಗೆ ಹೊಳೆಯಲೇ ಇಲ್ಲ.

ಗಂಟು ಕಟ್ಟಿಕೊಂಡು ಕಮಲಾಪುರ ಹಾಯ್ದು ಹೋಗುವ ಹುಮನಾಬಾದ್ ಬಸ್ಸನ್ನು ನಾನೇ ಹತ್ತಿದೆ. ರೊಟ್ಟಿಯ ಬಿಸಿ ಸೀರೆಯೊಳಗಿಂದ ತೊಡೆಗೆ ತಾಗುತ್ತಿತ್ತು. ಖಾನಾವಳಿ ಮುಟ್ಟಿದಾಗ ಮೊದಲ ಗಂಟಿನ ರೊಟ್ಟಿ ಮುಗಿದು ಮಂದಿ ಅನ್ನಕ್ಕೆ ಬಂದಿದ್ದರು. ಮೇಸ್ತ್ರಿ ನನ್ನ ಗಂಟು ನೋಡಿ, "ಏನ್ರಿ ಅಮ್ಮಾರ, ರೊಟ್ಟಿ ಮುಹೂರ್ತ ನೋಡಿ ಹೊಂಟಿದ್ವೇನು?" ಎಂದ. ಎಲ್ಲರೂ ನಕ್ಕರು. ಖಾನಾವಳಿಯವಳೊಬ್ಬಳು ನಗಲಿಲ್ಲ, ನನ್ನ ಕಡೆ ನೋಡದೆ ಗಂಟು ಬಿಚ್ಚಿ ಬಡಿಸಿದಳು. ಎಷ್ಟೋ ಜನ ಕೈ ಅಡ್ಡ ಹಿಡಿದರು, ಹೊಟ್ಟೆ ತುಂಬಿತ್ತು. ಮೇಸ್ತ್ರಿ ಒಂದು ತೆಗೆದುಕೊಂಡ. ಕೈ ತೊಳೆಯುತ್ತ, "ರೊಟ್ಟಿ ಚಲೋ ಅದ. ಹೊತ್ತಿಗಿ ಬರಂಗಿಲ್ಲಂದ್ರ ಏನು ಮಾಡೋದು? ನಾಳೆ ಒಂದಿನ ನೋಡ್ತೀನಿ," ಎಂದು ಹೋದ.

ಒಂದು ದಿನ ಸಿಕ್ಕಿತು. ಅಷ್ಟು ದೊಡ್ಡ ಕರುಣೆಗೆ ನಾನು ಮಾಡಿದ್ದೇನೂ ಇರಲಿಲ್ಲ.

ಪಾತ್ರೆ ಎತ್ತುತ್ತ ಅವಳು ಕೇಳಿದಳು: "ನಾಳೆ ಬರ್ತಾವೇನ್ರಿ ಅಕ್ಕಾರ?"

ಶಿವ ನಡಸ್ತಾನ ಎಂದು ಬಾಯಿಗೆ ಬಂದಿತ್ತು. ಅವನ ಹೆಸರನ್ನು ಇಂಥದ್ದಕ್ಕೆಲ್ಲ ಎಷ್ಟು ಸಲ ಅಡ್ಡ ಹಿಡಿದಿದ್ದೇನೋ! ನುಂಗಿಕೊಂಡೆ. "ಆಪಾ ನಾಳೆ ಇರಂಗಿಲ್ಲ. ನಾ ಒಬ್ಬಾಕೀನ. ಎರಡು ಗಂಟು ಆಗ್ತದ, ಮೂರು ಆಗಂಗಿಲ್ಲ. ಹತ್ತರ ಬಸ್ಸಿಗಿಡ್ತೀನಿ."

"ಉಳಿದಿದ್ದಕ್ಕ ಅನ್ನ ಇಡ್ತೀನಿ ಹಂಗಾದ್ರ," ಎಂದಳು. ಆಗ ಒಮ್ಮೆ ನನ್ನ ಮುಖ ನೋಡಿದಳು.

ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ದೇವರ ನೈವೇದ್ಯ ಇನ್ನೂ ಆಗಿರಲಿಲ್ಲ. ತಾಟು ತೆಗೆದು ನೋಡಿದೆ, ಹೂರಣದ ಮೇಲ್ಭಾಗ ಒಣಗಿ ಬಿರಿದಿತ್ತು. ಆದರೆ ಇರುವೆ ಮುತ್ತಿರಲಿಲ್ಲ. ಕೈ ತೊಳೆದುಕೊಂಡು, ಸ್ವಲ್ಪ ಬಿಸಿ ಹಾಲು ಚಿಮುಕಿಸಿ ಹೂರಣವನ್ನು ಮತ್ತೆ ಮೆತ್ತಗೆ ಮಾಡಿಕೊಂಡು, ಕಡುಬು ತುಂಬಲು ಕೂತೆ.